ಉಂಛವೃತ್ತಿಯ ಯಂತ್ರಗಳು

ತುಮಕೂರು ರಸ್ತೆಯ ಆಸುಪಾಸಿನಲ್ಲಿ ಹಬ್ಬಿರುವ ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಬಹುಕಾಲ ದುಡಿದು ನುರಿತ ಫಿಟ್ಟರುಗಳಿಗೆ ಒಂದು ವಿದ್ಯೆ ಕೈವಶವಾಗಿರುತ್ತದೆ. ಓಡುತ್ತಿರುವ ಮೋಟಾರಿನ ಬೇರಿಂಗು ಸವೆಯತೊಡಗಿದೆಯೋ ಇಲ್ಲವೋ ಎಂಬುದನ್ನು ಅರಿಯಬೇಕಾದಾಗ, ಅವರು ಉದ್ದನೆಯ ಸ್ಕ್ರೂಡ್ರೈವರೊಂದರ ತುದಿಯನ್ನು ಬೇರಿಂಗಿನ ಕವಚಕ್ಕೆ ತಾಗಿಸಿ, ಅದರ ಹಿಡಿಯನ್ನು ಕಿವಿಯ ಬಳಿಯ ಎಲುಬಿಗೆ ಒತ್ತಿಕೊಂಡು, ಸುತ್ತಲಿನ ಲೇತು, ಪ್ರೆಸ್ಸು, ಗ್ರೈಂಡರುಗಳ ತುಮುಲದ ನಡುವೆಯೂ ಆ ಒಂದೇ ಒಂದು ಸವೆದ ಗುಂಡಿನ ಗೊರಗೊರವನ್ನು ಬೇರ್ಪಡಿಸಿ ಕೇಳಿ, ಇನ್ನೊಂದು ತಿಂಗಳು ಬರುತ್ತದೆ ಎಂದೋ, ಈಗಲೇ ಬಿಚ್ಚಿಬಿಡಿ ಎಂದೋ ತೀರ್ಪು ಕೊಡುತ್ತಾರೆ. ಪುಸ್ತಕದಿಂದ ಬರುವ ವಿದ್ಯೆಯಲ್ಲ ಇದು. ಮತ್ತು ಇದನ್ನು ಬಲ್ಲವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ.

ಆ ಕಿವಿಯ ಕೆಲಸವನ್ನು ಮಾಡಬಲ್ಲ ಸಂವೇದಕಗಳು ಈಗ ಉಗುರಿಗಿಂತ ಚಿಕ್ಕ ಗಾತ್ರದಲ್ಲಿ ದೊರೆಯುತ್ತವೆ. ಸಿಲಿಕಾನಿನ ಬಿಲ್ಲೆಯಲ್ಲಿಯೇ ಕೊರೆದು ತೆಗೆದ ಒಂದು ಸೂಕ್ಷ್ಮವಾದ ತೂಕ, ಅದನ್ನು ತೂಗಿಹಾಕಿರುವ ಕೂದಲೆಳೆಗಿಂತ ತೆಳುವಾದ ಸಿಲಿಕಾನ್ ಸ್ಪ್ರಿಂಗುಗಳು, ತೂಕ ಅಲುಗಿದೊಡನೆ ಅದರ ಹಲ್ಲುಗಳಿಗೂ ಎದುರಿನ ಸ್ಥಿರವಾದ ಹಲ್ಲುಗಳಿಗೂ ನಡುವಣ ಅಂತರದಲ್ಲಿ ಉಂಟಾಗುವ ಅತ್ಯಲ್ಪ ವ್ಯತ್ಯಾಸವನ್ನು ಅಳೆದು ಹೇಳುವ ವಿದ್ಯುನ್ಮಂಡಲ, ಇಷ್ಟೇ ಅದರ ಒಡಲು. ಸಿಲಿಕಾನು ವಿದ್ಯುತ್ತಿನ ಕೆಲಸಕ್ಕೆ ಮಾತ್ರವಲ್ಲದೆ ಯಂತ್ರದ ಕೆಲಸಕ್ಕೂ ಉತ್ತಮವಾದ ದ್ರವ್ಯವೆಂದು ಕರ್ಟ್ ಪೀಟರ್ಸನ್ ಎಂಬ ಅಮೆರಿಕದ ವಿಜ್ಞಾನಿ 1982ರಲ್ಲಿ ವಿಸ್ತಾರವಾದ ಪ್ರಬಂಧವೊಂದರಲ್ಲಿ ಪ್ರತಿಪಾದಿಸಿದನು. ಅಂದಿನಿಂದ ಬೆಳೆದುಬಂದ ಈ ಸೂಕ್ಷ್ಮಯಂತ್ರವಿದ್ಯೆಯ ಫಲ ಇಂದು ಪ್ರತಿಯೊಬ್ಬರ ಮೊಬೈಲ್ ಫೋನಿನಲ್ಲಿಯೂ ಅಡಗಿಕೊಂಡಿದೆ. ಫೋನನ್ನು ಅಡ್ಡ ಹಿಡಿದಾಗ ಪರದೆಯ ಚಿತ್ರವೂ ಅಡ್ಡವಾಗಿ ತಿರುಗುವುದು ಇದರಿಂದಲೇ.

ಕಿವಿಯೇನೋ ಸಿಕ್ಕಿತು, ಆದರೆ ಆ ಕಿವಿಗೆ ಅನ್ನ ಹಾಕುವವರು ಯಾರು? ಶೆಡ್ಡಿನ ಪ್ರತಿಯೊಂದು ಮೋಟಾರಿಗೂ ತಂತಿ ಎಳೆಯಹೊರಟರೆ ತಂತಿಯ ಖರ್ಚೇ ಸಂವೇದಕದ ಬೆಲೆಯನ್ನು ಮೀರುತ್ತದೆ. ಎಣ್ಣೆ, ಕಬ್ಬಿಣದ ಚೂರು, ಓಡಾಡುವ ಟ್ರಾಲಿಗಳ ನಡುವೆ ಆ ತಂತಿ ಬಹುಕಾಲ ಬಾಳುವುದೂ ಇಲ್ಲ. ಬ್ಯಾಟರಿ ಇಟ್ಟರೆ ಅದು ತೀರುತ್ತದೆ. ಗುಂಡಿಯಾಕಾರದ ಲಿಥಿಯಂ ಬ್ಯಾಟರಿಯೊಂದನ್ನು, ಸಿಆರ್ 2032 ಎಂದು ಅಂಗಡಿಯಲ್ಲಿ ಕೇಳಿ ಪಡೆಯುವಂಥದನ್ನು, ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದರ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಗಂಟೆ, ಒತ್ತಡ 3 ವೋಲ್ಟು. ಎಂದರೆ ಅದರಲ್ಲಿರುವ ಶಕ್ತಿ ಹತ್ತಿರ ಹತ್ತಿರ 2,400 ಜೂಲು. ಒಂದು ವರ್ಷದಲ್ಲಿ ಮೂರು ಕೋಟಿ ಹದಿನೈದು ಲಕ್ಷ ಸೆಕೆಂಡುಗಳಿರುವುದರಿಂದ, ಆ ಬ್ಯಾಟರಿ ವರ್ಷ ಪೂರ್ತಿ ಬರಬೇಕಾದರೆ ಸಂವೇದಕವು ಸರಾಸರಿ 75 ಮೈಕ್ರೋವಾಟಿಗಿಂತ ಹೆಚ್ಚು ಉಣ್ಣತಕ್ಕದ್ದಲ್ಲ. ಮೈಕ್ರೋವಾಟೆಂದರೆ ವಾಟಿನ ಹತ್ತು ಲಕ್ಷದಲ್ಲೊಂದು ಪಾಲು. ಅದರೊಳಗಣ ರೇಡಿಯೋ ಒಮ್ಮೆ ಬಾಯಿ ತೆರೆದರೆ ಹತ್ತಾರು ಮಿಲಿವಾಟು ಬೇಕು. ಆದಕಾರಣ ಸಂವೇದಕವು ಕಾಲದ ಬಹುಭಾಗವನ್ನು ನಿದ್ರೆಯಲ್ಲಿ ಕಳೆದು, ಸೆಕೆಂಡಿನ ಕೆಲವೇ ಸಾವಿರದಂಶಗಳ ಕಾಲ ಎಚ್ಚರಗೊಂಡು, ಕೇಳಿದ್ದನ್ನು ಹೇಳಿ, ಮರಳಿ ಮಲಗಬೇಕಾಗುತ್ತದೆ.

ಈ ಇಕ್ಕಟ್ಟಿನಿಂದ ಹೊರಬರಲು ಸಂಶೋಧಕರು ಹಿಡಿದಿರುವ ಮಾರ್ಗವನ್ನು ಕಂಡಾಗ ನನಗೆ ನೆನಪಾಗುವುದು ಮಹಾಭಾರತದ ಅಶ್ವಮೇಧಪರ್ವದಲ್ಲಿ ಮುಂಗುಸಿ ಹೇಳುವ ಆ ಸಕ್ತುಪ್ರಸ್ಥನ ಕಥೆ. ಕೊಯ್ಲು ಮುಗಿದ ಹೊಲದಲ್ಲಿ ಉದುರಿಬಿದ್ದ ಕಾಳುಗಳನ್ನು ಆಯ್ದು ತಂದು, ಅದನ್ನೇ ಹಿಟ್ಟುಮಾಡಿ, ಸಂಸಾರದೊಡನೆ ಹಂಚಿ ಉಣ್ಣುತ್ತಿದ್ದ ಆ ಬಡ ಬ್ರಾಹ್ಮಣನ ಉಂಛವೃತ್ತಿ. ಕಾರ್ಖಾನೆಯೆಂಬ ಹೊಲದಲ್ಲಿಯೂ ಉದುರುವ ಕಾಳು ಬೇಕಾದಷ್ಟಿದೆ. ಮೋಟಾರಿನ ಕಂಪನ, ಕುಲುಮೆಯ ಗೋಡೆಯ ಬಿಸಿ, ಛಾವಣಿಯ ಗಾಜಿನಿಂದ ಇಳಿಯುವ ಬೆಳಕು, ತಂತಿಯ ಸುತ್ತ ವ್ಯಾಪಿಸಿರುವ ಕಾಂತಕ್ಷೇತ್ರ, ಇವೆಲ್ಲ ಯಜಮಾನನು ಹಣ ತೆತ್ತು ಕೊಂಡ ವಿದ್ಯುತ್ತಿನಿಂದಲೋ ಸೂರ್ಯನಿಂದಲೋ ಬಂದು, ಯಾರ ಉಪಯೋಗಕ್ಕೂ ಬಾರದೆ ಚೆದುರಿಹೋಗುತ್ತಿರುವ ಶಕ್ತಿ. ಅದನ್ನು ಆಯ್ದುಕೊಂಡು ಬದುಕುವ ಯಂತ್ರಗಳನ್ನು ಮಾಡಬೇಕೆಂಬುದು ಕಳೆದ ಕಾಲು ಶತಮಾನದಲ್ಲಿ ಪ್ರಪಂಚದಾದ್ಯಂತ ಪ್ರಬಲವಾಗಿರುವ ಹಂಬಲ. ಬೆಂಗಳೂರು ಈ ಹಂಬಲಕ್ಕೆ ಹೊರಗಿನದಲ್ಲ.

ಹೊರಗಿನದಲ್ಲವೆಂದು ಹೇಳಲು ಪೀಣ್ಯದಲ್ಲಿಯೇ ಕಾರಣವಿದೆ. 1972ರಲ್ಲಿ ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾದ ತರುವಾಯ, ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರ ನೇತೃತ್ವದಲ್ಲಿ, ಬಹುಮಟ್ಟಿಗೆ ಅನನುಭವಿಗಳಾದ ತರುಣರಿಂದಲೇ ಕೂಡಿದ್ದ ತಂಡವೊಂದು, ಭಾರತದ ಮೊದಲನೆಯ ಉಪಗ್ರಹವಾದ ಆರ್ಯಭಟವನ್ನು ಕಟ್ಟಿದ್ದು ಇಲ್ಲಿಯ ಕೈಗಾರಿಕಾ ಶೆಡ್ಡುಗಳಲ್ಲಿ. ಬೆಂಗಳೂರಿನಲ್ಲಿ ಶೌಚಾಲಯವೊಂದನ್ನೇ ದತ್ತಾಂಶ ಸ್ವೀಕರಿಸುವ ಕೋಣೆಯಾಗಿ ಮಾರ್ಪಡಿಸಿಕೊಂಡ ಸಂಗತಿಯನ್ನು ರಾಯರು ಮುಂದೆ ನೆನೆಸಿಕೊಂಡದ್ದುಂಟು. ಮುನ್ನೂರರವತ್ತು ಕಿಲೋಗ್ರಾಂ ತೂಕದ, ಇಪ್ಪತ್ತಾರು ಮುಖಗಳ ಆ ಬಹುಫಲಕದ ಮೈಮೇಲೆ, ತಲೆ ಮತ್ತು ತಳದ ಎರಡು ಮುಖಗಳನ್ನುಳಿದು, ಎಲ್ಲ ಕಡೆಯೂ ಸೌರಕೋಶಗಳನ್ನು ಹೊದಿಸಲಾಗಿತ್ತು. ಅವುಗಳಿಂದ ಒದಗುತ್ತಿದ್ದುದು 46 ವಾಟು. ನಮ್ಮ ಮನೆಗಳಲ್ಲಿ ಹಿಂದೆ ಉರಿಯುತ್ತಿದ್ದ ಅರವತ್ತು ವಾಟಿನ ಬಲ್ಬೊಂದಕ್ಕೂ ಸಾಲದು ಅಷ್ಟು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಅದು ಗಗನಕ್ಕೇರಿತು. ಕ್ಷಕಿರಣಗಳ, ಸೂರ್ಯನಿಂದ ಬರುವ ನ್ಯೂಟ್ರಾನುಗಳ, ಅಯಾನುಮಂಡಲದ ಅಧ್ಯಯನಕ್ಕಾಗಿ ಅದರೊಳಗೆ ಮೂರು ಪ್ರಯೋಗಗಳಿದ್ದುವು. ನಾಲ್ಕೈದು ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದಾಗಿ ಆ ಪ್ರಯೋಗಗಳು ನಿಂತುಹೋದುವು. ಉಪಗ್ರಹದ ಉಳಿದ ಅಂಗಗಳು ವರ್ಷಗಟ್ಟಲೆ ಬದುಕಿದ್ದುವು. 1992ರ ಫೆಬ್ರವರಿಯಲ್ಲಿ ಅದು ವಾಯುಮಂಡಲಕ್ಕೆ ಮರಳಿ ಬಿದ್ದಿತು. ಸಂವೇದಕಗಳು ಎಷ್ಟೇ ಚತುರವಾಗಿರಲಿ, ಅವುಗಳ ಆಯುಸ್ಸನ್ನು ನಿರ್ಣಯಿಸುವುದು ಅವುಗಳ ಅಡುಗೆಮನೆ ಎಂಬುದನ್ನು ಬೆಂಗಳೂರು ಅಷ್ಟು ಹಿಂದೆಯೇ ತನ್ನ ಸ್ವಂತ ಖರ್ಚಿನಲ್ಲಿ ಕಲಿತುಕೊಂಡಿತು.

ಆರ್ಯಭಟ ಹುಟ್ಟಿದ ಆ ಸ್ಥಳದಲ್ಲಿಯೇ ಇಂದು ಇಸ್ರೋದ ವಿದ್ಯುತ್-ದ್ಯುತಿ ವ್ಯವಸ್ಥೆಗಳ ಪ್ರಯೋಗಾಲಯ ಇದೆ. ಬಳಕೆಯ ಮಾತಿನಲ್ಲಿ ಲಿಯೋಸ್. ಒಂದು ಮಗ್ಗುಲಿಗೆ ಗೇರು ಕತ್ತರಿಸುವವರು, ಇನ್ನೊಂದು ಮಗ್ಗುಲಿಗೆ ಎಲೆಕ್ಟ್ರೋಪ್ಲೇಟಿಂಗಿನವರು ಇರುವ ಪ್ರದೇಶದಲ್ಲಿ, ನಕ್ಷತ್ರಗಳನ್ನು ಗುರುತಿಸಿ ಉಪಗ್ರಹಕ್ಕೆ ದಿಕ್ಕು ತಿಳಿಸುವ ಸಂವೇದಕಗಳನ್ನೂ, ಭೂಮಿಯ ಅಂಚನ್ನು ಕಾಣುವ ಸಂವೇದಕಗಳನ್ನೂ, ಸೂಕ್ಷ್ಮಯಂತ್ರರೂಪದ ಕಾಂತಮಾಪಕ, ವೇಗೋತ್ಕರ್ಷಮಾಪಕಗಳನ್ನೂ ಮಾಡುತ್ತಾರೆಂಬುದು ಆ ದಾರಿಯಲ್ಲಿ ದಿನವೂ ಬಸ್ಸಿನಲ್ಲಿ ಹೋಗುವವರಿಗೆ ತೋಚುವುದೇ ಇಲ್ಲ. 2023ರ ಆಗಸ್ಟಿನಲ್ಲಿ ಚಂದ್ರನ ದಕ್ಷಿಣಧ್ರುವದ ಸಮೀಪದ ನೆಲದಲ್ಲಿ ಗಂಧಕವಿದೆಯೆಂದು ಪ್ರಜ್ಞಾನ್ ರೋವರಿನಿಂದ ದೃಢಪಡಿಸಿದ ಲೇಸರ್ ಉಪಕರಣವೂ, ಆದಿತ್ಯ-ಎಲ್1 ನೌಕೆಯ ಕಾಂತಮಾಪಕವೂ ಸಿದ್ಧವಾದದ್ದು ಇಲ್ಲಿಯೇ. ಆ ಪ್ರಜ್ಞಾನ್ ರೋವರಿಗೆ ಇದ್ದ ಸೌರಫಲಕ 50 ವಾಟಿನದು. ಸೆಪ್ಟೆಂಬರ್ 2ರಂದು, ಚಂದ್ರನಲ್ಲಿ ಹದಿನಾಲ್ಕು ದಿನಗಳ ರಾತ್ರಿ ಸಮೀಪಿಸುತ್ತಿದ್ದಂತೆ, ಬ್ಯಾಟರಿ ತುಂಬಿಸಿ ಅದನ್ನು ಮಲಗಿಸಿದರು. ಮರುಸೂರ್ಯೋದಯಕ್ಕೆ ಅದು ಏಳಲಿಲ್ಲ.

ಲಿಯೋಸಿನ ಉಪಕರಣಗಳಲ್ಲಿ ನನ್ನ ಮನಸ್ಸನ್ನು ವಿಶೇಷವಾಗಿ ಸೆಳೆದದ್ದು, ಪಟ್ಟಿಯಲ್ಲಿ ಎಲ್ಲಕ್ಕಿಂತ ಸರಳವೆಂದು ತೋರುವ ಸೂರ್ಯಸಂವೇದಕ. ಉಪಗ್ರಹಗಳಲ್ಲಿ ಬಳಕೆಯಾಗುವ ಈ ಜಾತಿಯ ಸರಳ ಸಂವೇದಕವೆಂದರೆ ಒಂದು ಸೌರಕೋಶವೇ. ಬಿಸಿಲು ನೇರವಾಗಿ ಬಿದ್ದಷ್ಟೂ ಹೆಚ್ಚು ಪ್ರವಾಹ, ಓರೆಯಾದಷ್ಟೂ ಕಡಿಮೆ. ಹಲವು ಮುಖಗಳಲ್ಲಿಟ್ಟ ಕೋಶಗಳ ಪ್ರವಾಹವನ್ನು ಹೋಲಿಸಿ ನೋಡಿದರೆ ಸೂರ್ಯನ ದಿಕ್ಕು ತಿಳಿಯುತ್ತದೆ. ಅಂಥ ಕೋಶಕ್ಕೆ ಹೊರಗಿನಿಂದ ಶಕ್ತಿ ಬೇಡ. ತಿಳಿಯಬೇಕಾದ ವಾರ್ತೆಯೂ ಬೇಕಾದ ಆಹಾರವೂ ಒಂದೇ ಕಿರಣದಲ್ಲಿ ಬರುತ್ತವೆ. ಶಕ್ತಿ ಆಯ್ದುಕೊಳ್ಳುವ ಎಲ್ಲ ಹೊಸ ಯಂತ್ರಗಳಲ್ಲಿ ಯಾವುದು ಬಾಳುತ್ತದೆ, ಯಾವುದು ಪ್ರದರ್ಶನದ ಮೇಜಿನ ಮೇಲೆಯೇ ಉಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತರವು ಬಹುಪಾಲು ಈ ಒಂದು ಗುಣದಲ್ಲಿದೆಯೆಂದು ನನಗೆ ತೋರುತ್ತದೆ.

ಪೀಣ್ಯದ ಉಷ್ಣೋಪಚಾರ ಶೆಡ್ಡುಗಳಿಗೆ, ಹೀಟ್ ಟ್ರೀಟ್‌ಮೆಂಟಿನವರೆಂದರೆ ಎಲ್ಲರಿಗೂ ಗೊತ್ತು, ಈ ಗುಣ ಹೊಸದಲ್ಲ. ಅವರ ಕುಲುಮೆಯ ಬಾಯಿಯಲ್ಲಿರುವ ಥರ್ಮೋಕಪಲ್ಲು ಎರಡು ಮಿಶ್ರಲೋಹಗಳ ಬೆಸುಗೆಯಷ್ಟೇ. ಬೇರೆ ಬೇರೆ ಲೋಹಗಳ ಸಂಧಿಗಳು ಬೇರೆ ಬೇರೆ ಬಿಸಿಯಲ್ಲಿದ್ದರೆ ವಿದ್ಯುತ್ತು ಹುಟ್ಟುತ್ತದೆಂಬ ಸತ್ಯಕ್ಕೆ ದಾರಿಮಾಡಿದ ಪ್ರಯೋಗವನ್ನು ಜರ್ಮನಿಯ ಸೀಬೆಕ್ 1821ರಲ್ಲಿ ನಡೆಸಿದನು. ಸಾಧಾರಣವಾಗಿ ಬಳಸುವ ಕೆ-ಮಾದರಿಯ ಬೆಸುಗೆ 850 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು 35 ಮಿಲಿವೋಲ್ಟನ್ನು ತಾನೇ ಹುಟ್ಟಿಸಿ ತೋರಿಸುತ್ತದೆ. ಅದಕ್ಕೆ ಬ್ಯಾಟರಿ ಹಾಕಬೇಕೆಂದು ಯಾರೂ ಹೇಳಿದ್ದಿಲ್ಲ. ಆದರೆ ತಾನಿರುವ ಬಿಸಿಯನ್ನು ಹೇಳುವಷ್ಟು ಶಕ್ತಿ ಬೇರೆ, ಆ ಮಾತನ್ನು ರೇಡಿಯೋ ಮೂಲಕ ದೂರಕ್ಕೆ ಮುಟ್ಟಿಸುವಷ್ಟು ಶಕ್ತಿ ಬೇರೆ. ಕುಲುಮೆಯ ಹೊರಗೋಡೆ 80 ಡಿಗ್ರಿಯಲ್ಲಿಯೂ ಸುತ್ತಲಿನ ಗಾಳಿ 30 ಡಿಗ್ರಿಯಲ್ಲಿಯೂ ಇರುವಾಗ, ಪ್ರಕೃತಿನಿಯಮವು ಅನುಮತಿಸುವ ಗರಿಷ್ಠ ದಕ್ಷತೆಯೇ ನೂರಕ್ಕೆ ಹದಿನಾಲ್ಕು; ವಾಸ್ತವದಲ್ಲಿ ಕೈಗೆ ಬರುವುದು ಅದರ ಅಲ್ಪಾಂಶ. ಆ ಅಲ್ಪಾಂಶವನ್ನು ಹಿಗ್ಗಿಸಬೇಕಾದರೆ, ವಿದ್ಯುತ್ತನ್ನು ಸರಾಗವಾಗಿ ಹರಿಯಗೊಟ್ಟು ಉಷ್ಣವನ್ನು ಮಾತ್ರ ತಡೆಯುವ ದ್ರವ್ಯ ಬೇಕು; ಲೋಹವು ಎರಡನ್ನೂ ಬಿಡುತ್ತದೆ, ಗಾಜು ಎರಡನ್ನೂ ತಡೆಯುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಕನಿಷ್ಕ ಬಿಸ್ವಾಸ್ ಅವರೂ ಅವರ ಸಹೋದ್ಯೋಗಿಗಳೂ ಬೆಳ್ಳಿ, ಆಂಟಿಮನಿ, ಟೆಲ್ಯೂರಿಯಮ್ಮುಗಳ ಸಂಯುಕ್ತಕ್ಕೆ ಸ್ವಲ್ಪ ಕ್ಯಾಡ್ಮಿಯಂ ಬೆರೆಸಿ, ಅದರೊಳಗಣ ಪರಮಾಣುಗಳ ಜೋಡಣೆಯನ್ನು ಹದಗೊಳಿಸಿ, ಸುಮಾರು 300 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 2.6ರ ಉಷ್ಣವಿದ್ಯುತ್ ಗುಣಾಂಕವನ್ನು, ಎಂದರೆ ಉಷ್ಣವನ್ನು ವಿದ್ಯುತ್ತಾಗಿಸುವ ಯೋಗ್ಯತೆಯ ಅಳತೆಯನ್ನು, ಸಾಧಿಸಿದ ವಿಷಯ 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಗುಣಾಂಕ ಬಹುದಶಕಗಳ ಕಾಲ ಒಂದರ ಆಸುಪಾಸಿನಲ್ಲಿಯೇ ತಿಣುಕುತ್ತಿದ್ದುದನ್ನು ಬಲ್ಲವರಿಗೆ ಇದರ ಮಹತ್ತ್ವ ತಿಳಿಯುತ್ತದೆ. ಸೀಸವಿಲ್ಲದ ದ್ರವ್ಯವಾಗಿರುವುದೂ ಒಂದು ಗುಣವೇ. ಟೆಲ್ಯೂರಿಯಂ ವಿರಳವಾದದ್ದು, ಕ್ಯಾಡ್ಮಿಯಂ ವಿಷಕಾರಿ ಎಂಬ ಆಕ್ಷೇಪವಿದ್ದೇ ಇದೆ.

ಇನ್ನು ಕಂಪನ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡರು. ಅಡುಗೆಮನೆಯ ಗ್ಯಾಸ್ ಲೈಟರಿನ ಕಿಡಿ ಹಾರುವುದು ಆ ತತ್ತ್ವದಿಂದ. ಅಂಥ ದ್ರವ್ಯದ ತೆಳುವಾದ ಪಟ್ಟಿಯೊಂದನ್ನು ಒಂದು ಕೊನೆಯಲ್ಲಿ ಬಿಗಿದು, ಇನ್ನೊಂದು ಕೊನೆಗೆ ಪುಟ್ಟ ತೂಕ ಕಟ್ಟಿ, ಮೋಟಾರಿನ ಮೈಗೆ ಅಂಟಿಸಿದರೆ, ಮೋಟಾರು ನಡುಗಿದಾಗಲೆಲ್ಲ ಪಟ್ಟಿ ಬಾಗಿ ಬಾಗಿ ಏಳುತ್ತ ಒಂದು ಘನ ಸೆಂಟಿಮೀಟರಿಗೆ ಒಂದೆರಡು ನೂರು ಮೈಕ್ರೋವಾಟಿನವರೆಗೆ ಕೊಡಬಲ್ಲುದು. ನಮ್ಮ ಗುಂಡಿ ಬ್ಯಾಟರಿಯ 75 ಮೈಕ್ರೋವಾಟಿನ ದಿನಸಿಯನ್ನು ನೆನೆದರೆ ಇದು ಸಮೃದ್ಧಿಯೇ ಸರಿ. ಸಾಲದೆಂಬಂತೆ, ಮೋಟಾರು ನಿಂತಾಗ ಊಟ ನಿಲ್ಲುತ್ತದಾದರೂ, ಆಗ ಆಲಿಸಬೇಕಾದ ಸದ್ದೂ ಇರುವುದಿಲ್ಲ. ವಾರ್ತೆ, ಆಹಾರಗಳ ಐಕ್ಯ ಇಲ್ಲಿಯೂ ಉಂಟು.

ತೊಡಕಿರುವುದು ಅನುರಣನದಲ್ಲಿ. ಆ ಪಟ್ಟಿ ತನ್ನ ಸಹಜವಾದ ಆವರ್ತದಲ್ಲಿ ಅಲುಗಿಸಿದಾಗ ಮಾತ್ರ ಉದಾರಿ. ಅದರಿಂದ ಕೆಲವೇ ಹರ್ಟ್ಸು ಆಚೀಚೆಯಾದರೂ ಕೃಪಣ. ನಮ್ಮ ದೇಶದ ವಿದ್ಯುತ್ತಿನ ಆವರ್ತ 50 ಹರ್ಟ್ಸು ಆದುದರಿಂದ, ಪೀಣ್ಯದಲ್ಲಿ ಸರ್ವೇಸಾಮಾನ್ಯವಾದ ನಾಲ್ಕು ಧ್ರುವಗಳ ಇಂಡಕ್ಷನ್ ಮೋಟಾರು ಹೊರೆ ಹೊತ್ತಾಗ ನಿಮಿಷಕ್ಕೆ 1,440 ಸುತ್ತಿನಂತೆ, ಎಂದರೆ ಸೆಕೆಂಡಿಗೆ 24 ಸುತ್ತಿನಂತೆ ಓಡುತ್ತದೆ. ಅದರ ಕಾಂತಜನ್ಯವಾದ ಗುಂಯ್‌ಕಾರ 100 ಹರ್ಟ್ಸಿನದು. ಪಟ್ಟಿಯನ್ನು 100ಕ್ಕೆ ಶ್ರುತಿಮಾಡಿಟ್ಟರೆ ಎಲ್ಲವೂ ನೆಟ್ಟಗಿರುತ್ತಿತ್ತು. ಆದರೆ ವಿದ್ಯುತ್ತಿನ ಉಳಿತಾಯಕ್ಕೆಂದು ಶೆಡ್ಡಿನವರು ಈಗ ಮೋಟಾರುಗಳಿಗೆ ಡ್ರೈವ್ ಹಾಕುತ್ತಾರೆ. ಡ್ರೈವ್ ಎಂದರೆ ಕೆಲಸಕ್ಕೆ ತಕ್ಕಂತೆ ಆವರ್ತವನ್ನೇ ಏರಿಳಿಸಿ ವೇಗವನ್ನು ಬದಲಾಯಿಸುವ ಪೆಟ್ಟಿಗೆ. ಶ್ರುತಿ ಕೆಟ್ಟೊಡನೆ ಪಟ್ಟಿ ಉಪವಾಸ ಬೀಳುತ್ತದೆ. ಒಂದು ಜಾಗದಲ್ಲಿ ಮಿತವ್ಯಯ ಸಾಧಿಸಿದ ಜಾಣತನವೇ ಇನ್ನೊಂದು ಜಾಗದ ಮಿತವ್ಯಯಕ್ಕೆ ಕುತ್ತಾಗುವ ಈ ವಿಚಿತ್ರವನ್ನು ನಿವಾರಿಸಲು, ಒಂದೇ ಶ್ರುತಿಗೆ ಕಟ್ಟುಬೀಳದ, ಕಾಂತಗಳ ಎಳೆತದಿಂದ ಎರಡು ನಿಲುವುಗಳ ನಡುವೆ ಜಿಗಿಯುವ ಪಟ್ಟಿಗಳನ್ನು ಪ್ರಪಂಚದ ಹಲವು ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸುತ್ತಿದ್ದಾರೆ. ಪ್ರಬಂಧಗಳ ಸಂಖ್ಯೆಯನ್ನು ನೋಡಿದರೆ ಸಮಸ್ಯೆ ಬಗೆಹರಿದಂತೆಯೇ ತೋರುತ್ತದೆ. ಶೆಡ್ಡುಗಳಲ್ಲಿ ನೋಡಿದರೆ ಹಾಗೆ ತೋರುವುದಿಲ್ಲ.

ಘರ್ಷಣೆಯಿಂದ ವಿದ್ಯುತ್ತು ಪಡೆಯುವ ಉಪಾಯವನ್ನು 2012ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಝೋಂಗ್ ಲಿನ್ ವಾಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಮೇಲೆ ಅದೂ ಒಂದು ದೊಡ್ಡ ಪಂಥವಾಗಿ ಬೆಳೆದಿದೆ. ಜಾಲಹಳ್ಳಿಯಲ್ಲಿ 1991ರಲ್ಲಿ ಎಸ್. ಚಂದ್ರಶೇಖರ್ ಅವರು ಸ್ಥಾಪಿಸಿದ ದ್ರವಸ್ಫಟಿಕ ಕೇಂದ್ರವು ಇಂದು ನ್ಯಾನೋ ಮತ್ತು ಮೃದುದ್ರವ್ಯ ವಿಜ್ಞಾನಗಳ ಕೇಂದ್ರವಾಗಿ ತುಮಕೂರು ರಸ್ತೆಯ ಕಡೆಯ ಶಿವನಪುರಕ್ಕೆ ಸ್ಥಳಾಂತರಗೊಂಡಿದ್ದು, ಅಲ್ಲಿಯೂ ಈ ದಿಕ್ಕಿನ ಕೆಲಸ ನಡೆದಿದೆ. ಈ ಉಪಾಯದಲ್ಲಿ ಎರಡು ಹಾಳೆಗಳು ತಾಗಿ ಅಗಲುವಾಗ ಒತ್ತಡ ನೂರಾರು ವೋಲ್ಟು, ಪ್ರವಾಹ ಮಾತ್ರ ಅತಿ ಕ್ಷೀಣ. ಗಾಳಿಯಲ್ಲಿ ತೇವ ಹೆಚ್ಚಿದರೆ ಅದೂ ಸೋರಿಹೋಗುತ್ತದೆ. ನಮ್ಮ ಮಳೆಗಾಲವನ್ನು ಅದು ಹೇಗೆ ಕಳೆಯುವುದೋ ನೋಡಬೇಕು.

ವಾರ್ತೆ ಮತ್ತು ಆಹಾರ ಒಂದೇ ಕಡೆ ದೊರೆಯದ ಸಂವೇದಕಗಳ ಪಾಡು ಕಷ್ಟದ್ದು. ವಿಷಾನಿಲವನ್ನು ಕಂಡುಹಿಡಿಯುವ ಲೋಹದ ಆಕ್ಸೈಡಿನ ಸಂವೇದಕವು ಮುನ್ನೂರು ಡಿಗ್ರಿಯ ಆಸುಪಾಸಿಗೆ ಕಾಯದೆ ಮಾತನಾಡುವುದಿಲ್ಲ. ಹಳೆಯ ಮಾದರಿಗಳಿಗೆ ಆ ಬಿಸಿಗಾಗಿಯೇ ಹಲವು ನೂರು ಮಿಲಿವಾಟು ಸಲ್ಲಬೇಕಿತ್ತು. ಸಿಲಿಕಾನಿನಲ್ಲಿ ತೆಳುಪೊರೆಯನ್ನು ಕೊರೆದು, ಅದರ ಮೇಲೆ ಕೂದಲೆಳೆಯಗಲದ ಒಲೆಯನ್ನು ಹೂಡಿದರೆ, ಕಾಯಿಸಬೇಕಾದ ದ್ರವ್ಯರಾಶಿಯೇ ಕಡಿಮೆಯಾಗಿ ಖರ್ಚು ಹತ್ತಾರು ಮಿಲಿವಾಟಿಗೆ ಇಳಿಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋವಿಜ್ಞಾನ ಕೇಂದ್ರದಲ್ಲಿ ನವಕಾಂತ ಭಟ್ ಅವರ ತಂಡವು ಇಂಥ ಒಲೆಗಳನ್ನು ಒಂದೇ ಚಿಪ್ಪಿನ ಮೇಲೆ ಸಾಲಾಗಿ ಹೂಡಿ, ಇಂಗಾಲದ ಎರಡು ಆಕ್ಸೈಡುಗಳು, ಸಾರಜನಕ ಮತ್ತು ಗಂಧಕಗಳ ಡೈಆಕ್ಸೈಡುಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಸಂವೇದಕಪಂಕ್ತಿಯನ್ನು ರೂಪಿಸಿತು. 2018ರ ಇನ್ಫೋಸಿಸ್ ಪ್ರಶಸ್ತಿ ಭಟ್ ಅವರಿಗೆ ಸಂದದ್ದು ಜೈವಿಕ ಮತ್ತು ಅನಿಲ ಸಂವೇದಕಗಳ ಕಾರ್ಯಕ್ಕಾಗಿ. ಹತ್ತಾರು ಮಿಲಿವಾಟೆಂದರೂ ನಮ್ಮ ದಿನಸಿಯ ನೂರಾರು ಪಾಲು. ಪೀಣ್ಯದ ಗಾಳಿಯನ್ನು ಅಡ್ಡರಸ್ತೆಗೊಂದರಂತೆ ಮೂಸಿ ಹೇಳುವ ಸಂವೇದಕಗಳು ಬರುವುದಾದರೆ ಅವು ಬಿಸಿಲಿಗೆ ಮುಖ ಮಾಡಿಯೇ ನಿಲ್ಲಬೇಕು. ಬಿಸಿಲಿನಲ್ಲಿ ಒಂದು ಚದರ ಸೆಂಟಿಮೀಟರಿನ ಸೌರಕೋಶ 20 ಮಿಲಿವಾಟು ಕೊಡಬಲ್ಲುದು. ಅದನ್ನೇ ವೈಟ್‌ಫೀಲ್ಡಿನ ಗಾಜಿನ ಕಚೇರಿಯೊಳಗೆ ದೀಪದ ಬೆಳಕಿಗೆ ಇಟ್ಟರೆ ಹತ್ತಿಪ್ಪತ್ತು ಮೈಕ್ರೋವಾಟು. ಸಾವಿರ ಪಟ್ಟು ಇಳಿತ ಅದು.

ಯೂರೇಷಿಯನ್ ಕುಟುಂಬಗಳ ಬೇಸಾಯಕ್ಕೆಂದು 1882ರಲ್ಲಿ ಮೈಸೂರು ಅರಸರು ಕೊಟ್ಟ ಭೂಮಿಯಲ್ಲಿ ನೆಲಸಿದ ವೈಟ್‌ಫೀಲ್ಡು ಇಂದು ಹೊಲವನ್ನೇ ಕಾಣದು. ಅಲ್ಲಿಯ ಕಚೇರಿಗಳಂಥವುಗಳಿಗೆ ಒಪ್ಪುವ ಒಂದು ಉಪಾಯವನ್ನು, 2001ರಲ್ಲಿ ಸೀಮೆನ್ಸ್‌ನಿಂದ ಕವಲೊಡೆದ ಎನ್‌ಓಷನ್ ಎಂಬ ಜರ್ಮನ್ ಸಂಸ್ಥೆ ಬಳಕೆಗೆ ತಂದಿತು: ದೀಪದ ಸ್ವಿಚ್ಚನ್ನು ಒತ್ತುವ ಬೆರಳಿನ ಬಲದಿಂದಲೇ ವಿದ್ಯುತ್ತು ಹುಟ್ಟಿ, ಸ್ವಿಚ್ಚು ಒತ್ತಲ್ಪಟ್ಟಿತೆಂಬ ಸಂದೇಶವನ್ನು ರೇಡಿಯೋ ಮೂಲಕ ಕಳುಹಿಸುತ್ತದೆ. ಗೋಡೆಯನ್ನು ಕೊರೆಯಬೇಕಿಲ್ಲ, ತಂತಿಯಿಲ್ಲ, ಬ್ಯಾಟರಿಯಿಲ್ಲ. ಸೂರ್ಯಸಂವೇದಕದ ಗುಣ ಇದರಲ್ಲಿ ಪೂರ್ಣವಾಗಿದೆಯೆಂದೇ ಇದು ಅಂಗಡಿಯವರೆಗೂ ಬಂದಿತು.

ಕಳೆದ ದಶಕಗಳಲ್ಲಿ ಆಯ್ದ ಕಾಳಿನ ರಾಶಿ ಹೆಚ್ಚಿದ್ದಕ್ಕಿಂತ ಹೆಚ್ಚಾಗಿ ಯಂತ್ರಗಳ ಹಸಿವು ಇಳಿದಿದೆ ಎಂಬುದನ್ನು ಮರೆಯಬಾರದು. ಮೈಕ್ರೋವಾಟುಗಳನ್ನು ಕೂಡಿಸಿ ಕಾಪಿಡುವ ಚಿಪ್ಪು ತಾನೇ ಮೈಕ್ರೋವಾಟುಗಳನ್ನು ನುಂಗಿಬಿಟ್ಟರೆ ಏನು ಬಂತು? ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಹೊರತಂದ ಇಂಥದೊಂದು ಚಿಪ್ಪು ಸುಮ್ಮನಿರುವಾಗ ಬಳಸುವುದು 330 ನ್ಯಾನೋಆಂಪಿಯರು ಮಾತ್ರ. ಆ ಸಂಸ್ಥೆ 1985ರಲ್ಲಿಯೇ ಬೆಂಗಳೂರಿನಲ್ಲಿ ವಿನ್ಯಾಸಕೇಂದ್ರವನ್ನು ತೆರೆದು, ಇಲ್ಲಿ ಚಿಪ್ಪು ಬರೆಯುವವರ ಒಂದು ಪೀಳಿಗೆಯನ್ನೇ ಬೆಳೆಸಿತು. ಅದಕ್ಕೂ ಮುಂಚೆ, 1976ರಲ್ಲಿ ಸ್ಥಾಪನೆಯಾದ ಕಿಯೋನಿಕ್ಸ್ ಎಂಬ ರಾಜ್ಯ ಸರ್ಕಾರದ ಸಂಸ್ಥೆಯ ಆರ್. ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಲ್ಪಿಸಿದಾಗ ಅವರ ಕಣ್ಣಿನಲ್ಲಿದ್ದುದು ಎಲೆಕ್ಟ್ರಾನಿಕ್ ಉಪಕರಣಗಳ ತಯಾರಿಕೆ. ಬೆಳೆದದ್ದು ಬಹುಪಾಲು ತಂತ್ರಾಂಶ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಅರವತ್ತರ ದಶಕದಲ್ಲಿಯೇ ಜರ್ಮೇನಿಯಂ ಅರೆವಾಹಕಗಳನ್ನು ಮಾಡಿದ ನಗರದಲ್ಲಿ, ಇಂದು ಬರೆದ ಚಿಪ್ಪುಗಳನ್ನು ಮುದ್ರಿಸಿ ತರಲು ಬಹುಮಟ್ಟಿಗೆ ಹೊರದೇಶಗಳಿಗೆ ಕಳುಹಿಸಬೇಕಾಗಿದೆ. ವಿ. ಕೆ. ಆತ್ರೆಯವರ ನೇತೃತ್ವದಲ್ಲಿ ನಡೆದ ಸೂಕ್ಷ್ಮ ಮತ್ತು ಚತುರ ವ್ಯವಸ್ಥೆಗಳ ರಾಷ್ಟ್ರೀಯ ಕಾರ್ಯಕ್ರಮವು ಈ ಕೊರತೆಯನ್ನು ಸಂವೇದಕಗಳ ಮಟ್ಟಿಗಾದರೂ ತುಂಬಲು ಯತ್ನಿಸಿತು.

ಇಷ್ಟಾದರೂ ಹತ್ತು ಮಂದಿ ಕೆಲಸಗಾರರ ಶೆಡ್ಡಿನ ಯಜಮಾನ ಇಂದು ಕಂಪನದ ಸಂವೇದಕವನ್ನು ಕೊಂಡರೆ ಅದರೊಳಗೆ ಇರುವುದು ಬಹುಮಟ್ಟಿಗೆ ಲಿಥಿಯಂ ಬ್ಯಾಟರಿಯೇ. ಥಯೋನಿಲ್ ಕ್ಲೋರೈಡಿನ ಜಾತಿಯದು ಮಿತವಾಗಿ ಬಳಸಿದರೆ ಐದರಿಂದ ಹತ್ತು ವರ್ಷ ಬರುತ್ತದೆ, ಅಷ್ಟರಲ್ಲಿ ಯಂತ್ರವೇ ಬದಲಾಗಿರುತ್ತದೆ. ಅವನ ಲೆಕ್ಕ ತಪ್ಪಲ್ಲ. ಆಯ್ದು ಬದುಕುವ ಯಂತ್ರಗಳಿಗೆ ಮೊದಲು ಎಡೆ ದೊರೆಯುವುದು ಕೈ ಹೋಗದ ಸ್ಥಳಗಳಲ್ಲಿ, ತಿರುಗುವ ದಂಡದ ಒಳಗೆ, ಅಧಿಕ ಒತ್ತಡದ ತಂತಿಯ ಮೇಲೆ. ಸಾಮಾನ್ಯ ಶೆಡ್ಡಿನಲ್ಲಿ ಎಲ್ಲಕ್ಕಿಂತ ಸುಲಭವಾದದ್ದು ಮೋಟಾರಿನ ಕೇಬಲ್ಲಿಗೆ ಹಾಕುವ, ಬಾಯಿ ಬಿಟ್ಟು ಮುಚ್ಚುವ ಉಂಗುರ. ತಂತಿಯ ಕಾಂತಕ್ಷೇತ್ರದಿಂದ ಅದು ತನ್ನ ಆಹಾರವನ್ನು ಪಡೆಯುತ್ತದೆ, ಅದೇ ಕ್ಷೇತ್ರದಿಂದ ಮೋಟಾರಿನ ಹೊರೆಯನ್ನೂ ಅಳೆಯುತ್ತದೆ. ಹೊರೆ ಹೆಚ್ಚಿದಷ್ಟೂ ಊಟ ಹೆಚ್ಚು. ಹಾಕುವಾಗ ತಂತಿ ಕತ್ತರಿಸಬೇಕಿಲ್ಲ, ಮೋಟಾರಿನ ಮೈ ಮುಟ್ಟಬೇಕಿಲ್ಲ. ಮೂರೂ ಫೇಸುಗಳನ್ನು ಒಟ್ಟಿಗೆ ಸುತ್ತುವಂತೆ ಮಾತ್ರ ಹಾಕಬಾರದು. ಅವುಗಳ ಕ್ಷೇತ್ರಗಳು ಪರಸ್ಪರ ಕಳೆದುಹೋಗಿ ಉಂಗುರಕ್ಕೆ ಏನೂ ದಕ್ಕುವುದಿಲ್ಲ. ಪ್ಯಾನೆಲ್ಲಿನ ಬಾಗಿಲು ತೆರೆದು, ಒಂದು ಫೇಸಿನ ತಂತಿಯನ್ನು ಬೇರೆ ಮಾಡಿಕೊಂಡು, ಅದೊಂದಕ್ಕೇ ತೊಡಿಸಬೇಕು.